ಮೂಗಿಗೆ ಇಳಿದ ಹಚ್ಚೆ

ಕೈ ಸುಮ್ಮನಿಟ್ಟುಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೂಗಿನ ತುದಿಯಲ್ಲಿ ಗುಳ್ಳೆ ಎದ್ದಾಗ, ಕಾಫಿ ಕೊಯ್ಯುವಾಗ ಗಿಡದ ಅಡ್ಡರೆಂಬೆ ತರಚಿದ್ದಿರಬೇಕು ಎಂದುಕೊಂಡು ವರ್ಷವಿಡೀ ಕೆರೆದೆ. ಡಾಕ್ಟರು ಚರ್ಮದ ಕ್ಯಾನ್ಸರ್ ಎಂದರು. ಕೊಯ್ದು ತೆಗೆದ ಮೇಲೆ ತುದಿಯೇ ಉಳಿಯಲಿಲ್ಲ.

ಹಣೆಯ ಚರ್ಮವನ್ನು ಪಟ್ಟಿಯಂತೆ ಬಿಡಿಸಿ, ಹುಬ್ಬಿನ ಹತ್ತಿರ ಬುಡವನ್ನು ಹಾಗೇ ಬಿಟ್ಟು, ಕೆಳಕ್ಕೆ ತಿರುವಿ ಮೂಗಿಗೆ ಹೊಲಿದರು. ಮೂರು ವಾರ ಆ ಬುಡದಿಂದಲೇ ರಕ್ತ ಇಳಿಯಬೇಕು. ಚರ್ಮ ಬದುಕಿದರೆ ಬುಡ ಕತ್ತರಿಸುತ್ತಾರೆ, ಕಪ್ಪಗಾದರೆ ಎಲ್ಲ ಹೋಯಿತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. "ಮುಟ್ಟಬೇಡಿ" ಎಂದರು ಡಾಕ್ಟರು. ಯಾರಿಗೆ ಹೇಳಿದರು ನೋಡಿ!

ಆ ಪಟ್ಟಿಯ ಜೊತೆ ನನ್ನ ಹಚ್ಚೆಯೂ ಇಳಿದಿತ್ತು. ಐದು ವರ್ಷದವಳಿದ್ದಾಗ ಅವ್ವ ನನ್ನನ್ನು ಹಚ್ಚೆಯವಳ ಮುಂದೆ ಕೂರಿಸಿದ್ದಳು. ನಾನು ಒದ್ದಾಡಿದ್ದಕ್ಕೆ ಹುಬ್ಬಿನ ನಡುವೆ ಬೀಳಬೇಕಾದ ಹಸಿರು ಚುಕ್ಕಿ ಕೂದಲಿನ ಅಂಚಿಗೆ ಹೋಯಿತು. "ಒಡವೆ ಎಲ್ಲಾ ಇಲ್ಲೇ ಉಳೀತೈತೆ, ಸತ್ರೂ ಜೊತೇಲಿ ಬರೋದು ಹಚ್ಚೆ ಒಂದೇ ಕಣವ್ವ" ಎಂದು ಅವ್ವ ಸಮಾಧಾನ ಹೇಳಿದ್ದಳಂತೆ. ಈಗ ಅದು ಮೂಗಿನ ತುದಿಯಲ್ಲಿ ಕೂತಿತ್ತು.

ಹೊಸಕೋಟೆಯ ತವರಿನಲ್ಲಿ ಕೂತಲ್ಲಿ ಕೂರಲಾರದೆ ದಿನ ನೂಕಿದೆ. ಗಳಿಗೆಗೊಮ್ಮೆ ಕನ್ನಡಿ. ಕೆಂಪಗಿದ್ದರೆ ಕೀವು ಕಟ್ಟಿತೇ, ಬೆಳ್ಳಗಿದ್ದರೆ ರಕ್ತ ನಿಂತಿತೇ? ಅವ್ವನೋ, ನನ್ನ ಮುಖ ನೋಡಲಾರದೆ ತಟ್ಟೆ ಇಟ್ಟು ತಿರುಗಿ ಹೋಗುತ್ತಿದ್ದಳು. ನನಗೆ ಒಳಗೊಳಗೇ ಉರಿಯುತ್ತಿತ್ತು.

ಮೂರನೇ ವಾರದ ಒಂದು ಬೆಳಿಗ್ಗೆ ಹಚ್ಚೆಯ ಸುತ್ತ ಕಪ್ಪು ಹರಡಿದಂತೆ ಕಂಡಿತು.

"ಅವ್ವಾ, ಇವತ್ತಾದ್ರೂ ನನ್ನ ಮುಖ ನೋಡು! ಸತ್ತೋಗೈತಾ ಇದು?" ಎಂದು ಕಿರುಚಿದೆ.

ಅವ್ವ ಓಡಿ ಬಂದಳು. ನನ್ನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಕಪ್ಪೆಲ್ಲೈತೆ? ಹಚ್ಚೆ ಹಸ್ರು ಕಣವ್ವ, ಹಾಕ್ಸಿದ್ ದಿನಾನೂ ಹಿಂಗೇ ಇತ್ತು" ಎನ್ನುತ್ತಾ ಅದರ ಮೇಲೆ ಬೆರಳಿಟ್ಟುಬಿಟ್ಟಳು. ಡಾಕ್ಟರ ಮಾತು ಇಬ್ಬರಿಗೂ ನೆನಪಾಗಲಿಲ್ಲ.

ಆ ಬೆರಳು ನನಗೆ ತಾಗಿದ್ದು ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ. ಅಲ್ಲಿ ಬರೀ ಬ್ಯಾಂಡೇಜಿತ್ತು.

"ಹಣೆ ಯಾಕೆ ಮುಟ್ತೀಯವ್ವ?"

"ಹಣೆಯೆಲ್ಲಿ ಮುಟ್ಟಿದ್ನೇ? ಮೂಗು ಕಣೆ."

ಬುಡದ ಜೊತೆ ಹಣೆಯ ನರವೂ ಇಳಿದು ಬಂದಿತ್ತು, ಮೂಗು ಮುಟ್ಟಿದರೆ ಹಣೆ ಮುಟ್ಟಿದಂತಾಗುತ್ತಿತ್ತು. ಮೂಗಿಗೆ ಜೀವವಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಬೆರಳು ತೆಗೆಯದೆ, ನನ್ನ ಮುಖವನ್ನೇ ನೋಡುತ್ತಾ ನಿಂತಳು.