ಕಿವಿಯಣ್ಣನ ಸಹಿ

ರೇಡಿಯೋ ಕೇಂದ್ರದ ರೆಕಾರ್ಡ್ ಕೋಣೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡವನಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡ ಸಾಹೇಬರು ಬಾಗಿಲಲ್ಲಿ ನಿಂತು ಏನೋ ಗುನುಗಿ, "ಇದ್ಯಾವ ಹಾಡಯ್ಯಾ?" ಅಂದಿದ್ದರು. ಇವನು ಗಾಬರಿಬಿದ್ದು ಕೈಯಲ್ಲಿ ಒರೆಸುತ್ತಿದ್ದ ರೆಕಾರ್ಡನ್ನೇ ಮುಂದೆ ಹಿಡಿದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. "ಏನಯ್ಯಾ ನಿನ್ನ ಕಿವಿ!" ಎಂದರು ಸಾಹೇಬರು. ಅಲ್ಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ನಿಜವೇನೆಂದರೆ, ಸ್ವರದ ಏರಿಳಿತ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಹೊದಿಕೆಯ ಬಣ್ಣ, ಹರಿದ ಮೂಲೆ, ಲೇಬಲ್ಲಿನ ಕಲೆ ನೋಡಿ ನಾಲ್ಕು ಸಾವಿರ ರೆಕಾರ್ಡುಗಳನ್ನು ಗುರುತು ಹಿಡಿಯುತ್ತಿದ್ದ. ನಾಲ್ಕು ಜನ ತಲೆದೂಗಿದರೆ ತಾನೂ ತೂಗುತ್ತಿದ್ದ. ಈ ಗುಟ್ಟು ಹೆಂಡತಿಗೊಬ್ಬಳಿಗೇ ಗೊತ್ತು. "ನಾನು ಹಾಡಿದ್ರೂ ಒಂದೇ, ಕುಕ್ಕರ್ ಕೂಗಿದ್ರೂ ಒಂದೇ ಇವರಿಗೆ" ಎಂದು ಅವಳು ಹಾಡುವುದನ್ನೇ ಬಿಟ್ಟಿದ್ದಳು.

ಆಮೇಲೆ ಕೇಂದ್ರಕ್ಕೆ ಕಂಪ್ಯೂಟರ್ ಬಂತು. ಎಲ್ಲ ಹಾಡುಗಳನ್ನೂ ಅದಕ್ಕೆ ಏರಿಸಿ, ರೆಕಾರ್ಡುಗಳನ್ನು ಗುಜರಿಗೆ ಹಾಕಬೇಕೆಂದು ಆಜ್ಞೆಯಾಯಿತು. ಪ್ರತಿ ಹಾಡಿನ ಮುಂದೆ 'ಕೇಳಿ ಪರಿಶೀಲಿಸಿದ್ದೇನೆ' ಎಂದು ಒಬ್ಬರು ಸಹಿ ಹಾಕಬೇಕು. ಕಿವಿಯಣ್ಣನಿರುವಾಗ ಬೇರೆ ಯಾರನ್ನು ಹುಡುಕುತ್ತಾರೆ? ಅವನು ಹಾಡು ಓಡಲು ಬಿಟ್ಟು, ಪೇಪರ್ ಓದುತ್ತಾ, ಹಾಡು ನಿಂತಾಗ ಸಹಿ ಹಾಕಿದ. ಎಂಟು ತಿಂಗಳಲ್ಲಿ ಕೋಣೆ ಖಾಲಿಯಾಯಿತು.

ಆ ಹಾಡುಗಳಲ್ಲಿ ಊರಿನ ಹಿರಿಯ ಗಾಯಕಿಯವೂ ಇದ್ದವು. ಎಂಬತ್ತು ದಾಟಿದ್ದರೂ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಆಕೆಯನ್ನು ಕೇಂದ್ರದ ನಿರ್ದೇಶಕಿ ಕರೆಸಿ, ಕಂಪ್ಯೂಟರಿನಿಂದ ಆಕೆಯದೇ ಒಂದು ಹಾಡನ್ನು ಹೆಮ್ಮೆಯಿಂದ ಹಾಕಿದಳು. ಕಿವಿಯಣ್ಣ ಪಕ್ಕದಲ್ಲೇ ತಲೆದೂಗುತ್ತಾ ನಿಂತಿದ್ದ.

"ಯಾರಮ್ಮಾ ಹಾಡ್ತಿರೋದು?" ಎಂದರು ಗಾಯಕಿ.

"ನೀವೇ ಅಲ್ವಾ ಅಮ್ಮಾ!"

"ನನ್ನ ಶ್ರುತಿ ಇಷ್ಟು ಕೆಳಗಿರ್ಲಿಲ್ಲ."

"ಕಿವಿಯಣ್ಣ ಒಂದೊಂದನ್ನೂ ಕೂತು ಕೇಳಿ ಸಹಿ ಹಾಕಿದ್ದಾರೆ."

ಮುದುಕಿ ಅವನ ಕಡೆ ನೋಡಿದರು, ಆಮೇಲೆ ತಲೆ ತಗ್ಗಿಸಿದರು. "ಹಾಗಾದ್ರೆ ನನ್ನ ಕಿವಿಯೇ ಹೋಯ್ತು ಅಂತ ಕಾಣುತ್ತೆ. ಇನ್ನು ಮಕ್ಕಳಿಗೆ ತಪ್ಪು ಪಾಠ ಹೇಳೋದು ಬೇಡಪ್ಪಾ."

ಕಿವಿಯಣ್ಣ ಆಕೆಯ ಕೈಹಿಡಿದು ಮೆಟ್ಟಿಲು ಇಳಿಸಿ ಬಂದ. ಬಂದವನೇ ಹಾಡುಗಳನ್ನು ಕಂಪ್ಯೂಟರಿಗೆ ಏರಿಸಿದ್ದ ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದು ನೋಡಿದ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿ ಜಾರುತ್ತಿತ್ತು. ಯಂತ್ರ ನಿಧಾನವಾಗಿ ತಿರುಗಿದೆ, ಹಾಡುಗಳ ಶ್ರುತಿಯೆಲ್ಲ ಕೆಳಗಿಳಿದಿದೆ. ಎಷ್ಟು ತಿಂಗಳಿಂದಲೋ! ಕಿವಿ ಇದ್ದವನಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಇವನಿಗೆ ಅದು ತಿಳಿದದ್ದು ಕಣ್ಣಿನಿಂದ.

ಮರುದಿನ ಬೆಳಿಗ್ಗೆ ಗಾಯಕಿಯ ಮನೆಗೆ ಹೋದ. ಪಾಠಕ್ಕೆ ಬಂದಿದ್ದ ಇಬ್ಬರು ಹುಡುಗಿಯರು ವಾಪಸು ಹೋಗಲು ಚಪ್ಪಲಿ ಹಾಕುತ್ತಿದ್ದರು. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿತ್ತು.

"ಅಮ್ಮಾ, ನಿಮ್ಮ ಕಿವಿ ಸರಿಯಾಗೇ ಇದೆ. ಕಿವಿ ಇಲ್ದೇ ಇರೋದು ನನಗೆ. ಕೇಳ್ದೇನೇ ಸಹಿ ಹಾಕ್ದೆ. ಕೇಳಿದ್ರೂ ನನಗೆ ಗೊತ್ತಾಗ್ತಿರ್ಲಿಲ್ಲ."

ಆಕೆ ನಕ್ಕರು. "ಮುದುಕಿ ನೊಂದ್ಕೊಂಡ್ಳು ಅಂತ ಸಮಾಧಾನ ಹೇಳೋಕೆ ಬಂದ್ರಾ? ಮೂವತ್ತು ವರ್ಷ ಸುಮ್ನೆ ಕಿವಿಯಣ್ಣ ಅಂತಾರಾ?"

ಎಷ್ಟು ಹೇಳಿದರೂ ನಂಬಲೊಲ್ಲರು. ಇಷ್ಟು ವರ್ಷ ಸುಳ್ಳನ್ನು ನಂಬಿಸಲು ಅವನು ಬೆವರು ಹರಿಸಿದ್ದೇ ಇಲ್ಲ. ಈಗ ನಿಜವನ್ನು ನಂಬಿಸಲಾಗದೆ ಬೆವೆತ. ಕೊನೆಗೆ ಆಕೆ ಬಟ್ಟೆ ಸರಿಸಿ, ಹಾರ್ಮೋನಿಯಂ ಒಂದು ಸಲ ನುಡಿಸಿದರು. ಮತ್ತೊಂದು ಸಲ ನುಡಿಸಿದರು.

"ಯಾವುದು ಮೇಲಿನ ಸ್ವರ, ಹೇಳಿ."

ಗೊತ್ತಿಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದ. ಆದರೆ ಹಾಳು ಅಭ್ಯಾಸ, ಕತ್ತು ತಾನಾಗಿಯೇ ತೂಗಿತು. "ಆಹಾ! ಎರಡನೆಯದು" ಅಂದುಬಿಟ್ಟ.

ಹುಡುಗಿಯರು ಕಿಸಕ್ಕನೆ ನಕ್ಕರು. "ಅಜ್ಜಿ ಎರಡು ಸಲಾನೂ ಒತ್ತಿದ್ದು ಒಂದೇ ಸ್ವರ, ಅಂಕಲ್!"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಮುದುಕಿ ಮಾತ್ರ ನಗಲಿಲ್ಲ. ಹಾರ್ಮೋನಿಯಂ ಹತ್ತಿರ ಎಳೆದುಕೊಂಡರು.

"ಚಪ್ಪಲಿ ಬಿಟ್ಟು ಒಳಗೆ ಬನ್ರೇ" ಎಂದರು ಹುಡುಗಿಯರಿಗೆ, "ಪಾಠ ಇದೆ."