ಎರಡು ಬೆರಳು ಗಿಡ್ಡ ಪಟ್ಟಿ

ದಬ್ಬಳದಕ್ಕ ಎಂದೇ ಎಲ್ಲರೂ ಕರೆಯುವ ಆಕೆ ಮೂವತ್ತು ವರ್ಷದಿಂದ ಕ್ಯಾನ್ವಾಸಿಗೆ ಚರ್ಮ ಕೂಡಿಸಿ ಬೆನ್ನಿಗೆ ಹಾಕುವ ಚೀಲ ಹೊಲಿಯುತ್ತಾಳೆ. ಲೈನ್‌ಮನ್ ಆಗಿರುವ ತಮ್ಮನಿಗೂ ಒಂದು ಹೊಲಿದುಕೊಟ್ಟಳು. ಮೂರನೇ ದಿನವೇ ಅವನು ಅದನ್ನು ತಂದು ಅವಳ ಮೇಜಿನ ಮೇಲೆ ಒಗೆದ.

"ಕಂಬದ ಮೇಲೆ ಇದು ಎಡಗಡೆ ಜಾರುತ್ತೆ ಅಕ್ಕಾ. ಇವತ್ತು ನನ್ನನ್ನೂ ಎಳ್ಕೊಂಡು ಬೀಳ್ತಿತ್ತು."

"ನನ್ನ ಹೊಲಿಗೆಗೆ ಹೆಸರಿಡಬೇಡ ಕಣೋ. ಎರಡು ಪಟ್ಟೀನೂ ಒಂದೇ ಅಳತೆ."

ಹಾಗೆಂದವಳು ಅವನ ಅಂಗಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ನೋಡಿದಳು. ಇಪ್ಪತ್ತು ವರ್ಷ ತಂತಿ ಸುರುಳಿ ಹೊರಿಸಿದ ನೌಕರಿ ಅವನ ಎಡಹೆಗಲನ್ನು ಎರಡು ಬೆರಳು ಕೆಳಗಿಳಿಸಿತ್ತು. ಗಿರಾಕಿಗಳಿಗೆಲ್ಲ ಮೈಮೇಲೇ ಅಳತೆ ಹಿಡಿಯುವವಳು, ತಮ್ಮನ ಮೈ ಗೊತ್ತಿದ್ದದ್ದೇ ಎಂದು ಅಳೆಯದೆ ಹೊಲಿದಿದ್ದಳು.

ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ; ಬಿಚ್ಚಿ ಅದನ್ನೇ ಮತ್ತೆ ಹೊಲಿದರೆ ಪಟ್ಟಿ ಗಟ್ಟಿ ನಿಲ್ಲದು. ಎಡಗಡೆಯ ಪಟ್ಟಿಯನ್ನೇ ಕಿತ್ತೆಸೆದು, ಎರಡು ಬೆರಳು ಗಿಡ್ಡದ ಹೊಸ ಪಟ್ಟಿ ಹೊಲಿದಳು.

"ಸೊಟ್ಟಗಿದೆಯಲ್ಲಕ್ಕಾ. ಜೊತೆಯವರು ನಗ್ತಾರೆ."

"ಸೊಟ್ಟಗಿರೋದು ನೀನು. ಹತ್ತಿ ತೋರಿಸು."

ಅವನು ಚೀಲಕ್ಕೆ ಸಾಮಾನು ತುಂಬಿಕೊಂಡು ಅಂಗಡಿ ಮುಂದಿನ ಕಂಬ ಹತ್ತಿದ. ಚೀಲ ಬೆನ್ನ ನಡುವೆ ನೆಟ್ಟಗೆ ಕೂತಿತ್ತು. ಅವನು ಇಳಿಯುವವರೆಗೂ ಅವಳು ದಬ್ಬಳ ಹಿಡಿದುಕೊಂಡೇ ಕತ್ತೆತ್ತಿ ನಿಂತಿದ್ದಳು.