ಶರ್ಕಿನಿಂದ ಬಂದ ಗೆಸ್ಟ್ ಪ್ಲೇಯರ್

ಗಲ್ಫಿನಲ್ಲಿ ಶುಕ್ರವಾರ ರಜೆ, ಮಂಗಫ್‌ನ ನಮ್ಮ ಬಿಲ್ಡಿಂಗಿನ ಮುಂದೆ ಕಂಪೆನಿ ಬಸ್ಸುಗಳ ಹಾರ್ನ್ ಇರುವುದಿಲ್ಲ. ಕಿಟಕಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ನೀರುದೋಸೆ ಹೊಯ್ಯುತ್ತಿದ್ದೆ. ಮನಸ್ಸೆಲ್ಲ ಎದುರು ಫ್ಲ್ಯಾಟಿನ ಅಕ್ಕನ ಮೇಲೆಯೇ.

ಅವತ್ತು ಇಲ್ಲಿರುವ ನಮ್ಮೂರಿನವರ ತ್ರೋಬಾಲ್ ಟೂರ್ನಮೆಂಟ್. ಹೋದ ವರ್ಷ ಮೊದಲ ಆಟಕ್ಕೇ ಸೋತ ನಾವು, ಬಿಲ್ಡಿಂಗಿನ ಹೆಂಗಸರು, ಚಳಿಗಾಲವಿಡೀ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಕಂಬದಿಂದ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಪ್ರಾಕ್ಟೀಸ್ ಮಾಡಿದ್ದೆವು. ನನಗೆ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳೇ ಕಲಿಸಿದ ಆಟ. ಅಕ್ಕ ಮಾತ್ರ ಚೆಂಡು ಹಿಡಿಯಲು ಕಲಿತದ್ದೇ ಆ ಪಾರ್ಕಿಂಗಿನಲ್ಲಿ. ಪಂದ್ಯಕ್ಕೆಂದು ಫಹಾಹೀಲ್ ಪೇಟೆಯಿಂದ ಬಿಳಿ ಶೂಸ್ ತಂದು, ಮನೆಯೊಳಗೇ ಹಾಕಿಕೊಂಡು ಓಡಾಡುತ್ತಿದ್ದರು.

ಆದರೆ ಪ್ರತಿ ಬಿಲ್ಡಿಂಗಿನ ತಂಡವೂ ಹೊರಗಿನಿಂದ ಒಬ್ಬ ಗೆಸ್ಟ್ ಪ್ಲೇಯರನ್ನು ಕರೆಸಬಹುದು. ಟ್ಯಾಕ್ಸಿ, ಬಿರಿಯಾನಿ, ಒಂದು ಗಿಫ್ಟು ನಮ್ಮ ಲೆಕ್ಕದಲ್ಲಿ. ತಂಡದ ಮ್ಯಾನೇಜರಾದ ನನ್ನ ಗಂಡ, ದೂರದ ಸಿಟಿಯ ಶರ್ಕ್ ಬಡಾವಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದರು. "ಯೂನಿವರ್ಸಿಟಿಗೆ ಆಡಿದವಳಂತೆ" ಎಂದರು. ಅಷ್ಟಕ್ಕೇ ನಾವೆಲ್ಲ ಮರುಳಾದೆವು. ಈಗ ನಮ್ಮಲ್ಲೊಬ್ಬರು ಹೊರಗೆ ಕೂರಬೇಕು. ಕ್ಯಾಪ್ಟನ್ ನಾನೇ.

ಬಿಸಿ ದೋಸೆಯ ತಟ್ಟೆ ಹಿಡಿದು ಹೋಗಿ, ಇವತ್ತು ನೀವು ಹೊರಗೆ ಕೂರಬೇಕಾಗುತ್ತದೆ ಎಂದು ಅಕ್ಕನಿಗೆ ಹೇಳಿದೆ.

"ಅದಕ್ಕೇನು ಬಾಯಮ್ಮ, ಕಿತ್ತಳೆ ಸುಲಿಯಲಿಕ್ಕೂ ಜನ ಬೇಕಲ್ಲ" ಎಂದರು ಅಕ್ಕ. ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರಿಗೆ ನಾನು ಬಾಯಮ್ಮ. ನಗುತ್ತಲೇ ಕಾಲಿನ ಶೂಸ್ ಬಿಚ್ಚಿ ಬದಿಗಿಟ್ಟರು. ಹಿಂದಿರುಗಿ ಬಂದಾಗ ಕಾವಲಿಯ ಮೇಲಿದ್ದ ದೋಸೆ ಸೀದಿತ್ತು.

ಮಧ್ಯಾಹ್ನ ಆ ಹುಡುಗಿ ಮೈದಾನಕ್ಕೆ ಬಂದಳು. ಎತ್ತರದ ಆಳು, ಒಳ್ಳೆಯ ನಗು. ಮೊದಲ ಚೆಂಡು ಬಂದದ್ದೇ ಜಿಗಿದು ಅಂಗೈಯಿಂದ ಬಾರಿಸಿದಳು. ರೆಫ್ರಿ ಸೀಟಿ ಊದಿದ. ಮತ್ತೆ ಬಾರಿಸಿದಳು, ಮತ್ತೆ ಸೀಟಿ.

"ಹಿಡಿದು ಎಸೆಯಬೇಕು ಮಾರಾಯ್ತಿ" ಎಂದೆ.

"ಸಾರಿ ಆಂಟಿ, ನಾನು ಆಡಿದ್ದು ವಾಲಿಬಾಲ್. ಅಂಕಲ್ ಕೇಳಲೇ ಇಲ್ಲ."

ನನ್ನ ಗಂಡ ಮೊಬೈಲಿನಲ್ಲಿ ಬಹಳ ಮುಖ್ಯವಾದದ್ದೇನನ್ನೋ ನೋಡತೊಡಗಿದರು. ಮೊದಲ ಸೆಟ್ ಹೋಯಿತು.

ಎರಡನೆಯದಕ್ಕೆ ಅಕ್ಕನನ್ನು ಕರೆದೆ. ಬಿಳಿ ಶೂಸ್ ಬ್ಯಾಗಿನಲ್ಲೇ ಇದ್ದವು! ಬಂದ ಚೆಂಡನ್ನೆಲ್ಲ, ಜಾರಿ ಬೀಳುವ ಮಗುವನ್ನು ಅವುಚಿಕೊಳ್ಳುವ ಹಾಗೆ ಹಿಡಿದರು. ಆ ಸೆಟ್ ನಮಗೆ ಬಂತು. ನಡುವಿನ ವಿರಾಮದಲ್ಲಿ ನೋಡಿದರೆ ಅಕ್ಕ ಹುಡುಗಿಯನ್ನು ಮೂಲೆಗೆ ಕರೆದೊಯ್ದು, ಕಿತ್ತಳೆಯೊಂದನ್ನು ಎಸೆದೆಸೆದು ಕಲಿಸುತ್ತಿದ್ದಾರೆ: "ಮೊದಲು ಹಿಡಿ. ಈಗ ಎಸೆ. ಹೊಡೆಯಬೇಡ ಮಗಾ, ಅದೇನು ಸೊಳ್ಳೆಯಾ?"

ಕೊನೆಯ ಸೆಟ್ಟಿಗೆ ಅವರಿಬ್ಬರನ್ನೂ ಆಡಿಸಿ, ನಾನೇ ಹೊರಗೆ ಕೂತೆ. ಹಿಂದೆ ಬಂದದ್ದನ್ನು ಅಕ್ಕ ಹಿಡಿದು ಎಸೆಯುವುದು, ನೆಟ್ಟಿನ ಹತ್ತಿರ ಬಂದದ್ದನ್ನು ಹುಡುಗಿ ಹಿಡಿದು ಎತ್ತರದಿಂದ ಎಸೆಯುವುದು. ಗೆದ್ದೆವು. ಸೆಮಿಫೈನಲಿನಲ್ಲಿ ಸೋತೆವು, ಅದು ಬೇರೆ ಮಾತು. ಬಿರಿಯಾನಿ ಅದಾಗಲೇ ಬಂದಿತ್ತು.

ಸಂಜೆ ದೋಸೆಯ ತಟ್ಟೆ ತೊಳೆದು ಕೊಡಲು ಅಕ್ಕ ಬಂದರು. ಬಾಗಿಲಲ್ಲೇ ನಿಂತು, ತಮ್ಮ ಫ್ಲ್ಯಾಟಿನ ಕಡೆ ನೋಡುತ್ತಾ ಅಂದರು:

"ಎರಡನೇ ಮಾಳಿಗೆಯಲ್ಲಿ ಒಂದು ಫ್ಲ್ಯಾಟ್ ಖಾಲಿ ಉಂಟಂತೆ ಬಾಯಮ್ಮ. ಆ ಹುಡುಗಿಗೆ ಹೇಳಿ ನೋಡಿ. ಇಲ್ಲೇ ಬಂದರೆ ಮತ್ತೆ ಗೆಸ್ಟ್ ಅಲ್ಲವಲ್ಲ."